ಹಾರಿಹೋದ ಒಂದು ಸುತ್ತು

ಕಳೆದ ಭಾನುವಾರ ಮಗಳು ಸಿಂಧು ನನ್ನನ್ನು ಜೆ.ಪಿ. ನಗರದ ಮಾಲ್ ಒಂದಕ್ಕೆ ಸಿನಿಮಾ ತೋರಿಸಲು ಕರೆದೊಯ್ದಳು. ಕಾಮಿಕ್ಸ್ ಪುಸ್ತಕದಿಂದ ಎಬ್ಬಿಸಿ ಪರದೆಯ ಮೇಲೆ ನಿಲ್ಲಿಸಿದ ಸಿನಿಮಾ. ಇಂಥವಕ್ಕೆ ನನ್ನನ್ನೇ ಕರೆದುಕೊಂಡು ಹೋಗಬೇಕೆಂಬುದು ಅವಳ ಹಟ. ಸಿನಿಮಾಕ್ಕಿಂತ ವಾಪಸು ಬರುವಾಗ ಆಟೋದಲ್ಲಿ ನಾನು ಅದನ್ನು ಬೈಯುವುದೇ ಅವಳಿಗೆ ಹೆಚ್ಚು ಇಷ್ಟವಂತೆ. ಬೈಗುಳಕ್ಕೆ ನನ್ನಲ್ಲಿ ಯಾವತ್ತೂ ಬರವಿಲ್ಲ.

ನೀವೇ ಹೇಳಿ. ನಾಯಕ ಮುಖವಾಡ ಹಾಕಿಕೊಂಡೇ ಹುಟ್ಟಿದವನು. ಕಾಗದದ ಮೇಲೆ ನೂರಾರು ಪುಟ ಆ ಮುಖವಾಡದೊಳಗೇ ಅತ್ತಿದ್ದಾನೆ, ಪ್ರೀತಿಸಿದ್ದಾನೆ, ಸೋತಿದ್ದಾನೆ. ನಮಗೆ ಎಲ್ಲವೂ ಅರ್ಥವಾಗಿದೆ. ಸಿನಿಮಾದವರಿಗೆ ಮಾತ್ರ ಹತ್ತು ನಿಮಿಷಕ್ಕೊಮ್ಮೆ ಅದನ್ನು ತೆಗೆಸದಿದ್ದರೆ ಸಮಾಧಾನವಿಲ್ಲ. ಅಷ್ಟು ದೊಡ್ಡ ನಟನನ್ನು ಹಾಕಿಕೊಂಡ ಮೇಲೆ ಮುಖ ಕಾಣಿಸಬೇಡವೇ! ಆಮೇಲೆ ಅರ್ಧ ಊರು ಕುಸಿದು ಬೀಳುತ್ತದೆ, ಮರುದಿನ ಬೆಳಿಗ್ಗೆ ಎಲ್ಲರೂ ಕಾಫಿ ಕುಡಿಯುತ್ತಿರುತ್ತಾರೆ. ನಮ್ಮ ಬನಶಂಕರಿಯ ಬೀದಿಯಲ್ಲಿ ಒಂದು ಮರದ ಕೊಂಬೆ ಮುರಿದು ಬಿದ್ದರೆ ಮೂರು ದಿನ ಅದರದ್ದೇ ಮಾತು. ಇನ್ನು ಸಿನಿಮಾ ಮುಗಿದ ಮೇಲೆ ಹೆಸರುಗಳೆಲ್ಲ ಓಡುವವರೆಗೂ ಯಾರೂ ಏಳುವಂತಿಲ್ಲ, ಕೊನೆಯಲ್ಲಿ ಒಂದು ಚೂರು ದೃಶ್ಯ ಕೊಡುತ್ತಾರಂತೆ. ಮದುವೆಮನೆಯಲ್ಲಿ ಊಟವಾದ ಮೇಲೂ ತೆಂಗಿನಕಾಯಿ ಚೀಲಕ್ಕೆ ಕಾದು ಕೂರುವ ಹಾಗೆ ಜನ ಕೂತಿರುತ್ತಾರೆ. ನಾನೂ ಕೂತಿರುತ್ತೇನೆ ಎನ್ನುವುದು ಬೇರೆ ಮಾತು.

ಭಾನುವಾರದ ಸಿನಿಮಾದಲ್ಲಿ ದೊಡ್ಡ ಹೊಡೆದಾಟ ಶುರುವಾಗುವ ಹೊತ್ತಿಗೆ ಒಂದು ಹಳೆಯ ರಾಕ್ ಹಾಡು ಎದ್ದಿತು. ಈಗಿನ ನಿರ್ದೇಶಕರಿಗೆ ಇದೊಂದು ಚಟ. ತಮ್ಮ ಕೈಯಲ್ಲಿ ಎಬ್ಬಿಸಲಾಗದ ಆವೇಶವನ್ನು ಐವತ್ತು ವರ್ಷ ಹಳೆಯ ಗಿಟಾರಿನಿಂದ ಕಡ ತರುತ್ತಾರೆ. ಯಾವ ಹಾಡು ಎಂದು ಹೇಳುವುದಿಲ್ಲ. ಹೇಳಿದರೆ ನೀವು ಈಗಲೇ ಫೋನಿನಲ್ಲಿ ಹಾಕಿಕೊಂಡು ಕೂರುತ್ತೀರಿ, ನನ್ನ ಮಾತು ಅಲ್ಲಿಗೇ ನಿಲ್ಲುತ್ತದೆ. ಇಷ್ಟು ತಿಳಿದಿದ್ದರೆ ಸಾಕು: ಅದರಲ್ಲಿ ಹಾಡುಗಾರ ಏರುತ್ತಾ ಏರುತ್ತಾ ಹೋಗಿ ಒಂದು ಪ್ರಶ್ನೆಯನ್ನು ಕೂಗಿ ಕೇಳುತ್ತಾನೆ. ಆಮೇಲೆ ಎಲ್ಲ ನಿಲ್ಲುತ್ತದೆ. ಡ್ರಮ್ಮಿಲ್ಲ, ಏನಿಲ್ಲ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಬರೀ ಮೌನ. ಅದಾದ ಮೇಲೆ ಗಿಟಾರ್ ಬರುತ್ತದೆ.

ಹಾಡುಗಾರ ಪ್ರಶ್ನೆ ಕೇಳಿದ್ದೇ ತಡ, ನನ್ನ ಕೈ ತಾನಾಗಿಯೇ ಮೇಲೆದ್ದು ತೊಡೆಯ ಮೇಲೆ ಬಿತ್ತು. ತೊಡೆಯ ಮೇಲೆ ಪಾಪ್‌ಕಾರ್ನ್ ಡಬ್ಬ ಇತ್ತು. ಗಿಟಾರ್ ಇನ್ನೂ ಬಂದಿರಲಿಲ್ಲ. ಆ ಪೂರ್ತಿ ಮೌನದಲ್ಲಿ ಡಬ್ಬ ಡೊಳ್ಳೆಂದಿತು, ಪಾಪ್‌ಕಾರ್ನ್ ಹಾರಿತು. ನಾಚಿಕೆಯಾಗಲು ನನಗೆ ಸಮಯ ಸಿಗಲಿಲ್ಲ, ಏಕೆಂದರೆ ಸರಿಯಾಗಿ ಅದೇ ಕ್ಷಣದಲ್ಲಿ ಮುಂದಿನ ಸಾಲಿನ ಒಂದು ಬೋಳುತಲೆ ಜೋರಾಗಿ ಮುಂದಕ್ಕೆ ವಾಲಿತ್ತು, ಅದರ ಪಕ್ಕದ ಕೈ ಕುರ್ಚಿಯ ತೋಳಿಗೆ ಬಡಿದಿತ್ತು. ಅದೂ ಒಂದು ಉಸಿರಿನಷ್ಟು ಮುಂಚೆ. ಇಡೀ ಥಿಯೇಟರಿನಲ್ಲಿ ಅವಸರ ಮಾಡಿದವರು ನಾವಿಬ್ಬರೇ.

ಬೋಳುತಲೆ ನಿಧಾನವಾಗಿ ಹಿಂದಕ್ಕೆ ತಿರುಗಿತು. ಕನ್ನಡಕ, ಬಿಳಿ ಮೀಸೆ.

“ಮೇಡಂ, ತಪ್ಪು ತಿಳ್ಕೋಬೇಡಿ. ನೀವು ತ್ಯಾಗರಾಜನಗರದವರಾ?”

“ಮದುವೆಗೆ ಮುಂಚೆ ಹೌದು,” ಎಂದೆ.

“ಶೇಷಾದ್ರಿ ಅಂಕಲ್ ಕ್ಯಾಸೆಟ್ಟಾ?”

“ಹೂಂ.”

“ಅಂದ್ಕೊಂಡೆ!” ಎಂದು ಅವರು ಪರದೆಯ ಕಡೆ ತಿರುಗಿದರು. ಸಿಂಧು ನನ್ನ ಕಿವಿಯ ಹತ್ತಿರ ಬಗ್ಗಿ, “ಅಮ್ಮಾ, ಏನಿದು, ಸೀಕ್ರೆಟ್ ಸೊಸೈಟೀನಾ?” ಎಂದಳು. ಹಿಂದಿನಿಂದ ಯಾರೋ ಶ್ ಎಂದರು. ಆ ಹಾಡಿನ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪಿದೆ. ಮಗಳಿಗೆ ಇರಲಿ, ಗಂಡನಿಗೂ ಹೇಳಿದ್ದಿಲ್ಲ. ಆ ಹಾಡು ರೇಡಿಯೋದಲ್ಲಿ ಬಂದರೆ ಎದ್ದು ಹೋಗಿ ಆರಿಸುತ್ತಿದ್ದೆ. ಥಿಯೇಟರಿನಲ್ಲಿ ಎದ್ದು ಹೋಗಿ ಏನನ್ನು ಆರಿಸುವುದು?

ಶೇಷಾದ್ರಿ ಅಂಕಲ್ ನಮ್ಮ ಎದುರು ಮನೆಯವರು. ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸ. ಜೇಬಿನಲ್ಲಿ ಸದಾ ಮೂರು ಪೆನ್ಸಿಲ್. ಹಣೆಯ ನಾಮವೂ ಸ್ಕೇಲಿಟ್ಟು ಎಳೆದ ಹಾಗೆ ನೆಟ್ಟಗೆ. ಅವರ ಜೊತೆ ಕೆಲಸ ಮಾಡುತ್ತಿದ್ದ ಆಂಗ್ಲೋ-ಇಂಡಿಯನ್ ಫೋರ್‌ಮನ್ ಒಬ್ಬರು ದೇಶ ಬಿಟ್ಟು ಹೋಗುವಾಗ ಇವರಿಗೆ ಎರಡು ಟ್ರಂಕ್ ಕೊಟ್ಟು ಹೋದರಂತೆ. ಒಂದರ ತುಂಬ ಇಂಗ್ಲಿಷ್ ರಾಕ್ ರೆಕಾರ್ಡುಗಳು, ಇನ್ನೊಂದರ ತುಂಬ ಕಾಮಿಕ್ಸ್. ಅದುವರೆಗೆ ತ್ಯಾಗರಾಜರ ಕೃತಿ ಬಿಟ್ಟರೆ ಬೇರೇನೂ ಕೇಳದಿದ್ದ ಮನುಷ್ಯ ಎರಡೇ ವರ್ಷದಲ್ಲಿ ಇಡೀ ದಕ್ಷಿಣ ಬೆಂಗಳೂರಿನ ರಾಕ್ ಪಂಡಿತರಾಗಿಬಿಟ್ಟರು. ಹಾಗೆಂದು ಅವರೇ ಹೇಳುತ್ತಿದ್ದರು, ವಿರೋಧಿಸುವವರು ಯಾರೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅವರ ಮನೆಯ ಕಿಟಕಿಯ ಹೊರಗೆ ಹುಡುಗರು ಸಾಲು ನಿಲ್ಲುತ್ತಿದ್ದರು. ಹನುಮಂತನಗರದಿಂದ ನಡೆದು ಬಂದವರು, ಶ್ರೀನಗರದಿಂದ ಸೈಕಲ್ ತುಳಿದು ಬಂದವರು, ಎಲ್ಲರ ಕೈಯಲ್ಲೂ ಖಾಲಿ ಕ್ಯಾಸೆಟ್ಟು. ಅಂಕಲ್ ರೆಕಾರ್ಡಿನಿಂದ ಕ್ಯಾಸೆಟ್ಟಿಗೆ ಹಾಡು ತುಂಬಿಸಿ ಕೊಡುತ್ತಿದ್ದರು. ಆಗ ಅವರ ತಾಯಿ ಪಕ್ಕದ ದೇವರಮನೆಯಲ್ಲಿ ಪೂಜೆಗೆ ಕೂತಿರುತ್ತಿದ್ದರಿಂದ ಶಬ್ದ ಮಾಡುವಂತಿರಲಿಲ್ಲ. ಅಂಕಲ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ತಲೆದೂಗುತ್ತಾ ಕೂರುತ್ತಿದ್ದರು. ಕಿಟಕಿಯಿಂದ ನೋಡಿದರೆ ಮನೆಯಲ್ಲಿ ಇಬ್ಬರು ಧ್ಯಾನಕ್ಕೆ ಕೂತ ಹಾಗೆ ಕಾಣುತ್ತಿತ್ತು. ಹಾಡಿನ ಒಂದು ಎಳೆಯೂ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಇದಕ್ಕೆಲ್ಲ ಅವರು ಕೇಳುತ್ತಿದ್ದುದು ಒಂದೇ, ಅಭಿಪ್ರಾಯ. ಮುಂದಿನ ಭಾನುವಾರ ಬಂದು ಹಾಡಿನ ಬಗ್ಗೆ ಒಂದು ಅಭಿಪ್ರಾಯ ಹೇಳಿದರೆ ಮಾತ್ರ ಇನ್ನೊಂದು ಕ್ಯಾಸೆಟ್ಟು. ಕಾಮಿಕ್ಸಿಗೂ ಅದೇ ಕಾನೂನು. “ಚೆನ್ನಾಗಿದೆ” ಎನ್ನುವಂತಿರಲಿಲ್ಲ. “ಚೆನ್ನಾಗಿದೆ ಅನ್ನೋದು ಉಪ್ಪಿಟ್ಟಿಗೆ ಕಣೋ. ಹಾಡಿಗೆ ಕಾರಣ ಹೇಳು,” ಎನ್ನುತ್ತಿದ್ದರು. ಹುಡುಗರು ದಾರಿಯಲ್ಲೆಲ್ಲ ಕಾರಣಗಳನ್ನು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು. ಒಬ್ಬ, “ಈ ಹಾಡಲ್ಲಿ ಡ್ರಮ್ಮಿಗೂ ಹಾಡೋನಿಗೂ ಮಾತು ಬಿಟ್ಟಿದೆ ಅಂಕಲ್,” ಎಂದು ಹೇಳಿ ಎರಡು ಕಾಮಿಕ್ಸ್ ಒಟ್ಟಿಗೆ ಗಿಟ್ಟಿಸಿದ. ಅವನು ಮುಂದೆ ವಕೀಲನಾದನೆಂದು ಕೇಳಿದ್ದೇನೆ, ಆಶ್ಚರ್ಯವಾಗಲಿಲ್ಲ.

ಕಾಮಿಕ್ಸ್ ಬಗ್ಗೆ ಅಂಕಲ್‌ಗೆ ಒಂದು ದೊಡ್ಡ ಸಿದ್ಧಾಂತವಿತ್ತು. ಪುಟವನ್ನು ಬಿಡಿಸಿ, ಒಂದು ಚೌಕಕ್ಕೂ ಇನ್ನೊಂದು ಚೌಕಕ್ಕೂ ನಡುವೆ ಇರುವ ಬಿಳಿ ಜಾಗದ ಮೇಲೆ ಪೆನ್ಸಿಲ್ ಇಡುತ್ತಿದ್ದರು. “ಇಲ್ಲಿ ಅವನು ಕೈ ಎತ್ತಿದಾನೆ. ಅಲ್ಲಿ ಕಳ್ಳ ಬಿದ್ದಿದಾನೆ. ಏಟು ಎಲ್ಲಿ ಬಿತ್ತು ಹೇಳು? ಈ ಬಿಳಿ ಜಾಗದಲ್ಲಿ. ಅದನ್ನ ಹೊಡೆದೋನು ನೀನು, ಓದೋನು.” ಇದನ್ನೆಲ್ಲ ಸಿನಿಮಾ ಮಾಡಲಾಗದು, ಮಾಡಿದರೆ ಬಿಳಿ ಜಾಗವನ್ನೆಲ್ಲ ತುಂಬಿಬಿಡುತ್ತಾರೆ ಎಂದು ಅಂದೇ ಭವಿಷ್ಯ ನುಡಿದಿದ್ದರು. ಆಟೋದಲ್ಲಿ ನಾನು ಸಿಂಧುವಿಗೆ ಹೇಳುವ ಮಾತುಗಳಲ್ಲಿ ಮುಕ್ಕಾಲು ಪಾಲು ಅವರವು. ಅವಳು ನನ್ನವೆಂದು ತಿಳಿದಿದ್ದಾಳೆ, ನಾನೂ ತಿದ್ದಲು ಹೋಗಿಲ್ಲ.

ಅಂಕಲ್ ಬೀದಿಯವರನ್ನೆಲ್ಲ ಅಭಿಪ್ರಾಯ ಕೇಳಿದರು. ಮನೆಯಲ್ಲೇ ಇದ್ದ ಒಬ್ಬರನ್ನು ಮಾತ್ರ ಒಂದು ದಿನವೂ ಕೇಳಲಿಲ್ಲ. ಅವರು ವನಜಾ ಆಂಟಿ, ಅಂಕಲ್ ಹೆಂಡತಿ.

ಹುಡುಗರ ಸಾಲಿನಲ್ಲಿ ಹುಡುಗಿಯರು ನಿಲ್ಲುವಂತಿರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ, ಆದರೂ ನಿಲ್ಲುವಂತಿರಲಿಲ್ಲ. ನನ್ನ ತಮ್ಮ ಅಲ್ಲಿ ಗತ್ತಿನಿಂದ ನಿಂತಿರುವುದನ್ನು ನಮ್ಮ ಮನೆಯ ಗೇಟಿನಿಂದ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ಒಂದು ದಿನ ಮಧ್ಯಾಹ್ನ ಸ್ಕೂಲಿಗೆ ರಜೆ, ಆಂಟಿ ಬಾಗಿಲಿಗೆ ಬಂದು, “ಬಾರೇ, ಅವರಿಲ್ಲ. ಹಾಡು ಹಾಕ್ತೀನಿ,” ಎಂದು ಕರೆದರು. ನನಗೆ ಎದೆ ಹೊಡೆದುಕೊಂಡ ಹಾಗೆ ಯಾವ ಪರೀಕ್ಷೆಯ ಫಲಿತಾಂಶಕ್ಕೂ ಹೊಡೆದುಕೊಂಡಿಲ್ಲ.

ಊಟವಾಗಿ, ಪಾತ್ರೆ ತೊಳೆದು, ಅಂಕಲ್ ತಾಯಿ ಮಲಗಲು ಮಹಡಿಗೆ ಹೋದ ಮೇಲೆ ಎರಡರಿಂದ ನಾಲ್ಕರವರೆಗೆ ಆ ನಡುಮನೆ ಆಂಟಿಯದು. ಅವರು ರೆಕಾರ್ಡ್ ಹಾಕುತ್ತಿದ್ದ ರೀತಿಯನ್ನು ನೀವು ನೋಡಬೇಕಿತ್ತು. ಕೈ ತೊಳೆದು, ಸೆರಗಿಗೆ ಒರೆಸಿ, ಅದು ಸಾಲದೆಂದು ಒಗೆದ ಟವೆಲ್ಲಿಗೆ ಇನ್ನೊಮ್ಮೆ ಒರೆಸಿ, ರೆಕಾರ್ಡನ್ನು ಅಂಚಿನಲ್ಲಿ ಎರಡು ಅಂಗೈಯಿಂದ ಹಿಡಿದು ಇಡುತ್ತಿದ್ದರು. ಮುಳ್ಳು ಇಳಿಸುವಾಗ ಉಸಿರನ್ನೂ ಬಿಡುತ್ತಿರಲಿಲ್ಲ. ಆಮೇಲೆ ನೆಲದ ಮೇಲೆ ಕೂತು ಏನಾದರೊಂದು ಕೆಲಸ. ಕೆಲಸವಿಲ್ಲದೆ ಹಾಡು ಕೇಳುವುದು ಅವರಿಗೆ ಗೊತ್ತೇ ಇರಲಿಲ್ಲ. ಹಾಡುಗಳ ಹೆಸರೂ ಕೆಲಸದ್ದೇ. ಮೆಲ್ಲಗೆ ಶುರುವಾಗಿ ಕೊನೆಗೆ ಕಿರುಚುವುದು ಕುಕ್ಕರ್ ಹಾಡು. ಒಂದೇ ಸಮನೆ ಸುತ್ತುವುದು ದೋಸೆ ಹಾಡು. ಒಬ್ಬ ಹಾಡುಗಾರನ ಕೂಗು ಕೇಳಿದಾಗಲೆಲ್ಲ, “ಪಾಪ, ಇವನಿಗೆ ಯಾರೋ ಹೊತ್ತಿಗೆ ಸರಿಯಾಗಿ ಊಟ ಹಾಕಿಲ್ಲ,” ಎನ್ನುತ್ತಿದ್ದರು. ಅಂಕಲ್ ಹೇಳಿದ ಯಾವ ಕಾರಣವೂ ಆ ಹಾಡಿಗೆ ಇಷ್ಟು ಚೆನ್ನಾಗಿ ಹೊಂದಿದ್ದು ನನಗೆ ನೆನಪಿಲ್ಲ.

ನಾನು ಹೆಸರು ಹೇಳದ ಆ ಹಾಡು ಆಂಟಿಗೆ ಬೇಳೆ ಹಾಡು. ಅವರೆಕಾಯಿ ಕಾಲದಲ್ಲಿ ನಮ್ಮ ಕಡೆ ಮನೆಗಳಲ್ಲಿ ಸಂಜೆಗೆ ಹಿತಕಿದ ಬೇಳೆ ಸಾರು ಆಗಲೇಬೇಕು. ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಹಿತಕಿದರೆ ಸಿಪ್ಪೆಯಿಂದ ಬೇಳೆ ಪುಳಕ್ಕೆಂದು ಪಾತ್ರೆಗೆ ಹಾರುತ್ತದೆ. ಆಂಟಿ ಹಾಡಿನ ತಾಳಕ್ಕೆ ಹಿತಕುತ್ತಿದ್ದರು. ಹಾಡುಗಾರ ಪ್ರಶ್ನೆ ಕೂಗಿದೊಡನೆ ಒಂದು ಕಾಳನ್ನು ಬೆರಳ ನಡುವೆ ಹಿಡಿದು, ಕೈ ಎತ್ತಿ, ನನ್ನ ಕಡೆ ನೋಡುತ್ತಾ ನಿಲ್ಲಿಸುತ್ತಿದ್ದರು. ಮೌನ. ಕಣ್ಣಲ್ಲಿ ನಗು. ಗಿಟಾರ್ ಬಿದ್ದ ಕ್ಷಣಕ್ಕೆ ಸರಿಯಾಗಿ ಪುಳಕ್! ಬೇಳೆ ಹೋಗಿ ಪಾತ್ರೆಗೆ ಬೀಳುತ್ತಿತ್ತು. ಒಂದು ದಿನವೂ ತಪ್ಪಿದ್ದಿಲ್ಲ. ಹಾಡಿನ ಉಳಿದ ಭಾಗವೆಲ್ಲ ಆ ಒಂದು ಉಸಿರಿಗೋಸ್ಕರವೇ ಇದೆ ಎಂದು ನಾವಿಬ್ಬರೂ ನಂಬಿದ್ದೆವು.

ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದ ವರ್ಷ, ಡಿಸೆಂಬರಿನ ಒಂದು ಮಧ್ಯಾಹ್ನ. ಹಾಡು ಆ ಜಾಗವನ್ನು ದಾಟಿ ಸ್ವಲ್ಪ ಹೊತ್ತಾಗಿತ್ತು. ಹೊರಗೆ ಹೂವಿನವಳು ಕೂಗಿದಳು. “ಮುಟ್ಬೇಡ, ಈಗ ಬಂದೆ,” ಎಂದು ಹೇಳಿ ಆಂಟಿ ಎದ್ದು ಹೋದರು. ನನಗೆ ಆ ಮೌನ ಇನ್ನೊಂದು ಸಲ ಬೇಕಿತ್ತು. ಅಷ್ಟೇ, ಬೇರೆ ಯಾವ ದುರುದ್ದೇಶವೂ ಇರಲಿಲ್ಲ. ಮುಳ್ಳನ್ನು ಎತ್ತಿ ಸ್ವಲ್ಪ ಹಿಂದಕ್ಕೆ ಇಡೋಣವೆಂದು ಕೈ ಹಾಕಿದೆ. ಮೊಳಕೈಯವರೆಗೆ ಗಾಜಿನ ಬಳೆ ಹಾಕಿಕೊಂಡಿದ್ದೆ, ಹಬ್ಬವೇನೂ ಇರಲಿಲ್ಲ, ಶೋಕಿ. ಮುಳ್ಳಿನ ಕೈ ಬಳೆಗೆ ಸಿಕ್ಕಿಕೊಂಡಿತು. ಬಿಡಿಸಲು ಎಳೆದೆ. ಪರ್ರ್ ಎಂದು ಬಟ್ಟೆ ಹರಿದಂಥ ಶಬ್ದ ಬಂತು.

ಗಾಬರಿಯಲ್ಲಿ ಮುಳ್ಳನ್ನು ಅದೇ ಜಾಗಕ್ಕೆ ಇಟ್ಟು ನೋಡಿದೆ. ಹಾಡುಗಾರ ಪ್ರಶ್ನೆ ಕೂಗಿದ. ಟಕ್ ಎಂದು ಮುಳ್ಳು ಒಂದು ಸುತ್ತು ಹಾರಿತು. ಮೌನವಿಲ್ಲ, ಗಿಟಾರ್ ನೇರವಾಗಿ ಅವನ ಬಾಯಿಯ ಮೇಲೆಯೇ ಬಿದ್ದಿತ್ತು. ಇನ್ನೊಮ್ಮೆ ಇಟ್ಟೆ, ಮತ್ತೆ ಟಕ್. ಆಂಟಿ ಹೂವಿನವಳ ಜೊತೆ ಇನ್ನೂ ಮಾತಾಡುತ್ತಿದ್ದರು. ಲಗುಬಗೆಯಿಂದ ರೆಕಾರ್ಡನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ ಹಾಕಿದೆ. ಆಂಟಿ ಒಳಗೆ ಬಂದಾಗ, “ಟ್ಯೂಷನ್ ಇದೆ ಆಂಟಿ, ಮರ್ತೇಹೋಗಿತ್ತು,” ಎಂದೆ. ಅವರು ಒಂದು ಮೊಳ ಮಲ್ಲಿಗೆ ಮುರಿದು ನನ್ನ ಜಡೆಗೆ ಮುಡಿಸಿ ಕಳಿಸಿದರು. ಆ ಮಲ್ಲಿಗೆಯ ಭಾರ ನನ್ನ ತಲೆಯ ಮೇಲೆ ಇನ್ನೂ ಇದೆ.

ಮತ್ತೆ ನಾನು ಆ ಮನೆಗೆ ಹೋಗಲಿಲ್ಲ. ಎಸ್ಸೆಸ್ಸೆಲ್ಸಿ ಒಳ್ಳೆಯ ನೆಪ, ಎಂಥ ತಪ್ಪನ್ನೂ ಅದರ ಹಿಂದೆ ಬಚ್ಚಿಡಬಹುದು. ಆಮೇಲೆ ಕಾಲೇಜು, ಕೆಲಸ, ಮದುವೆ. ಶಿಕ್ಷೆ ಮಾತ್ರ ತಾನಾಗಿಯೇ ಮನೆಗೆ ನಡೆದು ಬಂತು. ಒಂದು ತಿಂಗಳ ನಂತರ ನನ್ನ ತಮ್ಮ ಅದೇ ಹಾಡನ್ನು ಅಂಕಲ್ ಹತ್ತಿರ ತುಂಬಿಸಿಕೊಂಡು ಬಂದ. ಇಡೀ ವರ್ಷ ಅದನ್ನು ಹಾಕಿದ, ಟಕ್ ಎಂದು ಹಾರುವ ಜಾಗದಲ್ಲಿ ಪ್ರತಿಸಲವೂ ಮಂಚದಿಂದ ಮೇಲೆ ನೆಗೆದ. ಕೇಳಿ ಕೇಳಿ ನನ್ನ ಮೈಯಿಂದಲೂ ಆ ಮೌನ ಅಳಿಸಿಹೋಯಿತು. ಬೀದಿಯ ಹುಡುಗರೆಲ್ಲ ಹಾಡು ಇರುವುದೇ ಹಾಗೆ ಎಂದುಕೊಂಡರು. ಅಷ್ಟೇ ಅಲ್ಲ, ಅದಕ್ಕೆ ಕಾರಣವನ್ನೂ ಕಂಡುಹಿಡಿದರು. “ಗಿಟಾರ್ ಕಾಯೋದೇ ಇಲ್ಲ ಅಂಕಲ್, ನುಗ್ಗತ್ತೆ. ಅದೇ ರಾಕ್!” ಎಂದು ಕಿಟಕಿಯಲ್ಲಿ ಹೇಳಿದವನು ನನ್ನ ತಮ್ಮನೇ. ಅಂಕಲ್ ಜೇಬಿನ ಪೆನ್ಸಿಲ್‌ಗಳನ್ನು ಒಂದೊಂದಾಗಿ ತೆಗೆದು ಮತ್ತೆ ಇಟ್ಟುಕೊಂಡರಂತೆ. ಆಮೇಲೆ ಹೊಸ ಕ್ಯಾಸೆಟ್ಟು ಕೊಟ್ಟರಂತೆ.

ಜಯನಗರದ ಮಾರುಕಟ್ಟೆಯಲ್ಲಿ ಆಂಟಿ ಆಗಾಗ ಸಿಗುತ್ತಿದ್ದರು. “ಮನೆಗೆ ಬಾರೇ,” ಎನ್ನುತ್ತಿದ್ದರು. “ಬರ್ತೀನಿ ಆಂಟಿ,” ಎನ್ನುತ್ತಿದ್ದೆ. ಒಂದು ರೆಕಾರ್ಡು ಹಾಳಾಯಿತು, ಅಂಕಲ್‌ಗೆ ಬೇಸರವಾಗಿರಬಹುದು, ಅಷ್ಟೇ ತಾನೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಮೂವತ್ತೈದು ವರ್ಷ ಕಳೆದೆ.

ಮೊನ್ನೆ ಭಾನುವಾರ ಇಂಟರ್ವಲ್‌ನಲ್ಲಿ ಆ ಬೋಳುತಲೆಯವರು ಕಾಫಿ ಹಿಡಿದುಕೊಂಡು ನಮ್ಮ ಹತ್ತಿರ ಬಂದರು. ಹೆಸರು ಗಿರೀಶ್. ಅಂಕಲ್ ಮನೆಯ ಹಿಂದಿನ ಬೀದಿಯಲ್ಲೇ ಈಗಲೂ ಇದ್ದಾರಂತೆ.

“ನೋಡಿ ಮೇಡಂ, ಅದು ಗೀರು ಅಂತ ನಂಗೆ ಗೊತ್ತು. ಗೊತ್ತಿದ್ರೂ ಕೈ ಕೇಳಲ್ಲ,” ಎಂದು ನಕ್ಕರು.

“ನಿಮಗೆ ಹೇಗೆ ಗೊತ್ತು?” ಎಂದೆ.

“ಅಂಕಲ್ಲೇ ಆಮೇಲೆ ಯಾವಾಗ್ಲೋ ಹೇಳಿದ್ರು. ಆಂಟಿ ಧೂಳು ಒರೆಸುವಾಗ ಗೀರಿಬಿಟ್ರಂತೆ. ಅಂಕಲ್‌ಗೆ ಎಂಥಾ ಸಿಟ್ಟು ಅಂದ್ರೆ, ಅವತ್ತೇ ರೆಕಾರ್ಡು, ಪ್ಲೇಯರ್ ಎಲ್ಲಾ ಬೀರು ಒಳಗಿಟ್ಟು ಬೀಗ ಹಾಕ್ಬಿಟ್ರು. ಇವತ್ತಿಗೂ ಕೀ ಅವರ ಹತ್ರಾನೇ. ಆಂಟಿ ಪಾಪ, ಆಮೇಲೆ ಅದನ್ನ ಮುಟ್ಟೇ ಇಲ್ಲ.”

ಉಳಿದರ್ಧ ಸಿನಿಮಾದಲ್ಲಿ ಏನಾಯಿತು ಎಂದು ನನ್ನನ್ನು ಕೇಳಬೇಡಿ. ಆಟೋದಲ್ಲಿ ನಾನು ಬಾಯಿ ಬಿಡಲಿಲ್ಲ. ಒಂದು ರೆಕಾರ್ಡು ಹಾಳು ಮಾಡಿದ್ದೇನೆ ಎಂದುಕೊಂಡಿದ್ದೆ. ನಾನು ಹಾಳು ಮಾಡಿದ್ದು ಒಬ್ಬ ಹೆಂಗಸಿಗೆ ದಿನದಲ್ಲಿ ತನ್ನದೆಂದು ಇದ್ದ ಎರಡು ಗಂಟೆಯನ್ನು. ಸಿಂಧು ಎರಡು ಸಲ ಕೇಳಿದಳು. ಮೂರನೆಯ ಸಲಕ್ಕೆ ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿ, “ಹೋಗಿ ಹೇಳಮ್ಮ,” ಎಂದಳು. “ಈಗ ಹೋಗಿ ಏನಂತ ಹೇಳೋದೇ?” ಎಂದರೆ, “ನೀನೇ ಮಾಡಿದ್ದು ಅಂತ,” ಎಂದಳು. ಈಗಿನ ಮಕ್ಕಳಿಗೆ ಎಲ್ಲವೂ ಇಷ್ಟು ಸುಲಭ. ಇದೂ ನಿಜಕ್ಕೂ ಅಷ್ಟೇ ಸುಲಭವಿತ್ತು ಎನ್ನುವುದೇ ನನಗೆ ತಡೆಯಲಾಗದ್ದು.

ಬುಧವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಹೋದೆ. ಮಹಡಿಯ ಮೇಲೆ ಈಗ ಮಗ, ಸೊಸೆ. ಮೊಮ್ಮಗಳು ಮೆಟ್ಟಿಲ ಮೇಲೆ ಸ್ಕೇಟಿಂಗ್ ಬೂಟು ಹಾಕಿಕೊಳ್ಳುತ್ತಿದ್ದಳು. ಅಂಕಲ್ ಬಾಗಿಲು ತೆರೆದರು. ಎಂಬತ್ತು ದಾಟಿದೆ, ನಾಮದ ಗೆರೆ ಈಗ ಸ್ವಲ್ಪ ಓರೆ, ಅಭಿಪ್ರಾಯ ಮಾತ್ರ ನೆಟ್ಟಗಿದೆ. ನಾನು ಕೂರುವ ಮುಂಚೆಯೇ, “ಆ ಹೊಸ ಸಿನಿಮಾ ನೋಡಿದ್ಯಾ? ಒಂಚೂರು ಬಿಳಿ ಜಾಗ ಬಿಟ್ಟಿಲ್ಲ, ಎಲ್ಲಾ ತುಂಬಿಬಿಟ್ಟಿದಾರೆ. ಓದೋನು ಏನ್ ಮಾಡ್ಬೇಕು?” ಎಂದು ಶುರು ಮಾಡಿದರು. ಆಂಟಿ ಊಟದ ಮೇಜಿನ ಮುಂದೆ ಕುರ್ಚಿಯಲ್ಲಿ ಕೂತಿದ್ದರು. ಎದುರಿಗೆ ನೆನೆಸಿದ ಅವರೆಕಾಳಿನ ಪಾತ್ರೆ. ಈ ಕಾಲದಲ್ಲಿ ಹೋದರೆ ಇನ್ನೇನಿರುತ್ತದೆ?

“ಅಂತೂ ಬಂದ್ಯಲ್ಲೇ!” ಎಂದರು. “ಬಾ, ಕೂತ್ಕೋ. ಕೈ ತೊಳ್ಕೊಂಡು ಬಾ, ಹಿತಕು.”

ಕೈ ತೊಳೆದುಕೊಂಡು ಬಂದು ಕೂತೆ. ಐದಾರು ಕಾಳು ಹಿತಕಿದೆ. ದಾರಿಯುದ್ದಕ್ಕೂ ಹುಡುಗರ ಹಾಗೆ ಬಾಯಿಪಾಠ ಮಾಡಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

“ಆಂಟಿ, ಆ ರೆಕಾರ್ಡ್ ಗೀರಿದ್ದು ನಾನು.”

“ಯಾವ ರೆಕಾರ್ಡೇ?”

“ಬೇಳೆ ಹಾಡು. ನೀವು ಹೂವು ತಗೊಳ್ಳೋಕೆ ಹೋಗಿದ್ರಿ. ನನ್ನ ಬಳೆ ಸಿಕ್ಕಾಕ್ಕೊಂಡ್ತು.”

ಅವರ ಕೈ ನಿಂತಿತು. ನನ್ನ ಮುಖವನ್ನೇ ನೋಡಿದರು. “ನೀನಾ?” ಎಂದರು. ಕೈಯಲ್ಲಿದ್ದ ಕಾಳನ್ನು ಪಾತ್ರೆಗೆ ಹಾಕಿ, “ನನ್ನ ಸೆರಗಿನ ಪಿನ್ನೇ ತಾಗಿರ್ಬೇಕು ಅಂದ್ಕೊಂಡಿದ್ದೆ ಕಣೇ. ಅವರು ಹೇಳಿದ್ರು, ಇರ್ಬೇಕು ಅಂದ್ಕೊಂಡೆ. ಆಮೇಲೆ ಆ ಮೂಲೆಗೆ ಪೊರಕೆ ಹಿಡ್ಕೊಂಡು ಹೋಗೋಕೂ ಹೆದರಿಕೆ ನಂಗೆ,” ಎಂದರು.

“ತಪ್ಪಾಯ್ತು ಆಂಟಿ.”

“ಅವತ್ತೇ ಒಂದು ಮಾತು ಹೇಳ್ಬಾರ್ದಿತ್ತಾ? ಬೈತಿದ್ದೆ, ಅಷ್ಟೇ. ನಾಳೆ ಮತ್ತೆ ಬಾ ಅಂತಿದ್ದೆ.” ಅವರ ಧ್ವನಿಯಲ್ಲಿ ಸಿಟ್ಟಿತ್ತು. ಇರಬೇಕಾದದ್ದೇ. “ನೀನೂ ಬರೋದು ಬಿಟ್ಟೆ, ಹಾಡೂ ಹೋಯ್ತು. ಎರಡೂ ಒಂದೇ ಸಲ.”

ನನಗೆ ಅಳು ಬಂತು. ಐವತ್ತು ದಾಟಿದವಳು ಅವರೆಕಾಳಿನ ಪಾತ್ರೆಯ ಮುಂದೆ ಕೂತು ಮೂಗು ಸೇದುತ್ತಾ ಅತ್ತೆ. ಕೈಯೆಲ್ಲ ಅವರೆಯ ಸೊಗಡು, ಕಣ್ಣೊರೆಸುವಂತೆಯೂ ಇರಲಿಲ್ಲ. ಆಂಟಿ ತಮ್ಮ ಸೆರಗನ್ನೇ ಮುಂದೆ ಚಾಚಿದರು. ಆಮೇಲೆ ಬಾಗಿಲ ಕಡೆ ತಿರುಗಿ, “ಕೇಳಿಸ್ತಾ?” ಎಂದರು.

ಅಂಕಲ್ ಅಲ್ಲೇ ನಿಂತಿದ್ದರು. ಕಿವಿಯ ಯಂತ್ರವನ್ನು ಒಮ್ಮೆ ಒತ್ತಿಕೊಂಡರು, ಕೇಳಿಸದಿದ್ದುದಕ್ಕಲ್ಲ ಎಂದು ನನಗೆ ಗೊತ್ತಾಯಿತು. ಒಳಗೆ ಹೋದರು. ಪೆಟ್ಟಿಗೆ ತೆರೆದ ಸದ್ದು. ವಾಪಸು ಬಂದು ಒಂದು ಸಣ್ಣ ಹಿತ್ತಾಳೆ ಕೀಯನ್ನು ಆಂಟಿಯ ಪಾತ್ರೆಯ ಪಕ್ಕಕ್ಕೆ ಇಟ್ಟರು.

“ಊರಿನವರನ್ನೆಲ್ಲ ಕೇಳಿದೆ, ವನಜಾ. ನಿನ್ನ ಒಂದು ಸಲಾನೂ ಕೇಳ್ಲಿಲ್ಲ. ನೀನೇ ಮಾಡಿದ್ದು ಅಂದ್ಬಿಟ್ಟೆ,” ಎಂದರು. ನನ್ನ ಕಡೆ ನೋಡದೆಯೇ, “ಹುಡುಗರಿಗೆ ಅದು ಗೀರು ಅಂತ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ನಿನ್ನ ತಮ್ಮ ಬಂದು ಅದನ್ನೇ ಹೊಗಳಿದ. ಬಾಯಿ ಬರ್ಲಿಲ್ಲ,” ಎಂದು ಸೇರಿಸಿದರು.

ಆಂಟಿ ಕೀಯನ್ನು ಒದ್ದೆ ಬೆರಳಿನಿಂದ ಆಚೆ ಈಚೆ ತಿರುಗಿಸಿ ನೋಡಿದರು. “ಈಗ ಕೊಟ್ರಾ? ಆ ಬೀರು ಮುಂದೆ ಕೂತ್ಕೊಳ್ಳೋಕೆ ನಂಗೆ ಮೊಣಕಾಲು ಬಗ್ಗಬೇಕಲ್ಲ,” ಎಂದರು. ಹೇಳಿದರೇ ಹೊರತು ಕೀಯನ್ನು ವಾಪಸು ಕೊಡಲಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡರು.

ಗೀರಿದ ರೆಕಾರ್ಡು ಹೇಗೂ ಗೀರಿದ್ದೇ. ಸಿಂಧು ನನ್ನ ಚೀಲಕ್ಕೆ ಬಲವಂತವಾಗಿ ತುರುಕಿ ಕಳಿಸಿದ್ದ ಪುಟ್ಟ ಸ್ಪೀಕರನ್ನು ಮೇಜಿನ ಮೇಲೆ ಇಟ್ಟು, ಫೋನಿನಲ್ಲಿ ಹಾಡು ಹುಡುಕಿದೆ. “ತಗಡಿನ ಡಬ್ಬ, ಅದರಲ್ಲೇನು ಬರತ್ತೆ,” ಎಂದು ಅಂಕಲ್ ಗೊಣಗಿದರು. ಗೊಣಗುತ್ತಲೇ ಕುರ್ಚಿ ಎಳೆದುಕೊಂಡು ಕೂತು, ಕೈಗೆ ಏನಾದರೂ ಕೆಲಸ ಬೇಕೆನಿಸಿತೋ ಏನೋ, ಅವರೂ ಒಂದು ಹಿಡಿ ಕಾಳು ತೆಗೆದುಕೊಂಡರು. ಅವರು ಹಿತಕುವುದನ್ನು ನಾನು ಕಂಡದ್ದು ಅದೇ ಮೊದಲು. ಮೊದಲನೆಯ ಬೇಳೆ ಅವರ ಕನ್ನಡಕಕ್ಕೇ ಹಾರಿತು.

ಹಾಡು ಶುರುವಾಯಿತು. ಮೂರು ಜೊತೆ ಕೈ ತಾಳಕ್ಕೆ ಹಿತಕುತ್ತಿದ್ದವು. ಹಾಡುಗಾರ ಏರತೊಡಗಿದ. “ಇನ್ನೂ ಊಟ ಹಾಕಿಲ್ಲ ಇವನಿಗೆ,” ಎಂದರು ಆಂಟಿ. ನಾನು ನಗುತ್ತಾ ಒಂದು ಕಾಳು ಹಿಡಿದೆ. ಅವನು ಪ್ರಶ್ನೆ ಕೂಗಿದ.

ಪುಳಕ್, ಪುಳಕ್. ನನ್ನದೊಂದು, ಅಂಕಲ್‌ದೊಂದು ಬೇಳೆ ಒಟ್ಟಿಗೇ ಹಾರಿ ಪಾತ್ರೆಗೆ ಬಿದ್ದವು. ಗಿಟಾರ್ ಬಂದಿರಲಿಲ್ಲ. ತಲೆಯೆತ್ತಿ ನೋಡಿದರೆ ಆಂಟಿ ಕೈ ಎತ್ತಿ ಹಿಡಿದಿದ್ದಾರೆ, ಬೆರಳುಗಳ ನಡುವೆ ಕಾಳು, ಕಣ್ಣು ನನ್ನ ಮೇಲೆ. ಬೀರುಗೆ ಅವತ್ತೇ ಬೀಗ ಬಿದ್ದು, ಅಂಕಲ್ ಯಾವಾಗಲೂ ಹೆಡ್‌ಫೋನಿನಲ್ಲೇ ಕೇಳುತ್ತಿದ್ದುದರಿಂದ ಆ ಗೀರು ಒಂದು ದಿನವೂ ಆಂಟಿಯ ಕಿವಿಗೆ ಬಿದ್ದಿರಲಿಲ್ಲ ಎಂಬುದು ಆಗ ನನಗೆ ಹೊಳೆಯಿತು. ಇಡೀ ಬಡಾವಣೆ ತಪ್ಪು ಹಾಡನ್ನು ಕಲಿತು, ಅದಕ್ಕೆ ಕಾರಣ ಕೊಟ್ಟು, ಮೆರೆಯುತ್ತಿದ್ದಾಗ, ಬೀಗ ಹಾಕಿಸಿಕೊಂಡವರ ಬೆರಳಿನಲ್ಲಿ ಮಾತ್ರ ಹಾಡು ಇದ್ದ ಹಾಗೆಯೇ ಉಳಿದಿತ್ತು.

ಗಿಟಾರ್ ಬಿತ್ತು. ಪುಳಕ್. ಆಂಟಿಯ ಬೇಳೆ ಸರಿಯಾಗಿ ಪಾತ್ರೆಯ ನಡುವಿಗೆ ಬಿತ್ತು.

ಹಾಡು ಮುಗಿಯುವವರೆಗೂ ಅಂಕಲ್ ತಲೆ ತಗ್ಗಿಸಿಕೊಂಡೇ ಇದ್ದರು. ಮುಗಿದ ಮೇಲೆ ಕನ್ನಡಕ ತೆಗೆದು ಒರೆಸಿ, ತುಂಬ ಸಂಕೋಚದಿಂದ, ಹೊಸದಾಗಿ ಸಾಲಿಗೆ ಬಂದ ಹುಡುಗನ ಹಾಗೆ, “ಹೇಗಿತ್ತು ವನಜಾ?” ಎಂದು ಕೇಳಿದರು.

“ಚೆನ್ನಾಗಿದೆ,” ಎಂದರು ಆಂಟಿ.

ಅಂಕಲ್ ಕಾರಣ ಕೇಳಲಿಲ್ಲ.

ಆಂಟಿ ಇನ್ನೊಂದು ಹಿಡಿ ಕಾಳನ್ನು ನಮ್ಮಿಬ್ಬರ ಮುಂದೆಯೂ ಸುರಿದರು. “ಮೊದಲಿಂದ ಹಾಕು,” ಎಂದರು. “ಈ ಸಲ ಇಬ್ಬರೂ ಕಾಯ್ಬೇಕು.”

ನಾನು ಮೊದಲಿನಿಂದ ಹಾಕಿದೆ.